ಇಬ್ಬರಿಗೂ ಕಾಶ್ಯಪ ಗೋತ್ರ

ನಮ್ಮ ಹೊಸಮನೆ ಬಡಾವಣೆಯ ಗಣಪತಿ ಗುಡಿಯ ಭಟ್ಟರು ತಮಾಷೆಯ ಮನುಷ್ಯರೋ, ತಲೆಕೆಟ್ಟವರೋ, ನಮ್ಮೆಲ್ಲರಿಗಿಂತ ಹೆಚ್ಚು ತಿಳಿದವರೋ ಎಂಬುದು ತೀರ್ಮಾನವಾದ ಮೇಲೆ ಅವರ ಬಗ್ಗೆ ಬರೆಯೋಣ ಎಂದುಕೊಂಡಿದ್ದೆ. ಅವರು ತೀರಿಕೊಂಡು ಇಷ್ಟು ದಿನವಾದರೂ ತೀರ್ಮಾನವಾಗಲಿಲ್ಲ. ಇನ್ನು ಕಾದು ಪ್ರಯೋಜನವಿಲ್ಲವೆಂದು ಗೊಂದಲದಲ್ಲೇ ಬರೆಯಲು ಕೂತಿದ್ದೇನೆ. ಓದಿದವರಿಗೆ ಏನಾದರೂ ಹೊಳೆದರೆ ನನಗೂ ಹೇಳಿ.

ಭಟ್ಟರು ಕಡ್ಡಿಯಂಥ ಆಳು. ಅಭಿಷೇಕದ ನೀರು ತಾಗಬಾರದೆಂದು ಕೈಗಡಿಯಾರವನ್ನು ಮೊಣಕೈಯವರೆಗೆ ಏರಿಸಿಕೊಳ್ಳುತ್ತಿದ್ದರು. ತೀರ್ಥಕ್ಕೆ ಬೊಗಸೆ ಒಡ್ಡಿದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ತೀರ್ಥ ತಗೊಳ್ಳೋಕೆ ಬಂದ್ರೋ, ಕೈ ತೊಳೆಯೋಕೆ ಬಂದ್ರೋ?" ಎಂದು ಕೇಳಿಯೇಬಿಡುವರು. ಮಂಗಳಾರತಿ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಪೇಪರ್ ಬಿಡಿಸುವರು. ಊರಿನ ಸುದ್ದಿ ಅವರಿಗೆ ಬೇಡ, ಸಿನಿಮಾ ಬೇಡ, ಕ್ರಿಕೆಟ್ ಬೇಡ. ರಷ್ಯಾ ಏನಂತು, ಅಮೆರಿಕಾ ಏನಂತು, ಅಷ್ಟೇ ಬೇಕು. ಯಾವ ದೇಶದ ಕ್ಷಿಪಣಿ ಎಷ್ಟು ದೂರ ಹೋಗುತ್ತದೆ ಎಂಬುದು ಬಾಯಿಪಾಠ. ಆ ಕ್ಷಿಪಣಿಗಳ ಹೆಸರು ಹೇಳುವ ಧಾಟಿ ಮಾತ್ರ ಅಷ್ಟೋತ್ತರದ್ದು. ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತ ಹೆಂಗಸರು ಅದಕ್ಕೂ ಕೈ ಮುಗಿದದ್ದನ್ನು ನಾನೇ ನೋಡಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಶೀತಲ ಸಮರದ ಪಾಠವನ್ನು ವರ್ಷ ವರ್ಷವೂ ಮಾಡಿ ನಾಲಿಗೆ ಸವೆದಿದೆ. ಹಾಗಾಗಿ ಈ ವಿಷಯದಲ್ಲಿ ಭಟ್ಟರು ನನ್ನನ್ನು ತಮ್ಮ ಸರೀಕನೆಂದು ತಿಳಿದಿದ್ದರು. "ಮೇಷ್ಟ್ರೇ, ಇಬ್ಬರ ಹತ್ರಾನೂ ಬಾಂಬ್ ಇದ್ರೇ ಒಳ್ಳೇದು. ಒಬ್ಬನ ಹತ್ರ ಮಾತ್ರ ಇದ್ರೆ ಕೆಟ್ವಿ" ಎಂದು ಒಂದು ದಿನ ಹೇಳುವರು. ಮರುದಿನ, "ಇಬ್ಬರ ಹತ್ರಾನೂ ಇರ್ಬಾರ್ದು ಮಾರಾಯ್ರೇ, ಸುಟ್ಟು ಬೂದಿ ಮಾಡ್ತಾರೆ" ಎನ್ನುವರು. ನಿನ್ನೆ ಬೇರೆ ಹೇಳಿದ್ದಿರಲ್ಲ ಎಂದರೆ, "ನಿನ್ನೆ ಚತುರ್ದಶಿ" ಎಂದು ಪೇಪರ್ ಮಡಚಿ ಎದ್ದುಬಿಡುವರು.

ಭಟ್ಟರಿಗೆ ಒಬ್ಬ ದಾಯಾದಿ. ದೊಡ್ಡಪ್ಪನ ಮಗ, ಇವರಿಗಿಂತ ಕೆಲವು ತಿಂಗಳಿಗೆ ದೊಡ್ಡವರು. ಭದ್ರಾವತಿಯ ಜನ್ನಾಪುರದಲ್ಲಿ ಮನೆ. ಗುಡಿಯ ಪೂಜೆ ಎರಡು ಮನೆಗೂ ಸೇರಿದ್ದು, ಒಂದು ತಿಂಗಳು ಇವರ ಪಾಳಿ, ಇನ್ನೊಂದು ತಿಂಗಳು ಅವರದು. ಅವರು ತಮ್ಮ ತಿಂಗಳಲ್ಲಿ ಬೆಳಗಿನ ಮೊದಲ ಬಸ್ಸಿಗೆ ಬಂದು ರಾತ್ರಿ ಪೂಜೆ ಮುಗಿಸಿ ಹೋಗುವರು. ಇಬ್ಬರಿಗೂ ಮಾತಿಲ್ಲ. ನಾನು ಹೊಸಮನೆಗೆ ಬರುವುದಕ್ಕೆ ಎಷ್ಟೋ ಮೊದಲೇ ಮಾತು ಬಿಟ್ಟಿದ್ದರಂತೆ. ತಿಂಗಳ ಕೊನೆಯ ದಿನ ಬೀಗದ ಕೈ ಎದುರಿನ ಹೂವಿನ ಸಾಕಮ್ಮನ ಬುಟ್ಟಿಗೆ ಬೀಳುತ್ತಿತ್ತು, ಮರುದಿನ ಬೆಳಿಗ್ಗೆ ಇನ್ನೊಬ್ಬರು ಅಲ್ಲಿಂದ ಎತ್ತಿಕೊಳ್ಳುತ್ತಿದ್ದರು. ಎಣ್ಣೆ ತೀರಿದೆ, ಬಲಗಡೆ ಬಲ್ಬು ಹೋಗಿದೆ ಎಂಬ ಸಮಾಚಾರವೆಲ್ಲ ಅವಳ ಮುಖಾಂತರವೇ ಹೋಗಬೇಕು. "ಇಬ್ರೂ ಸೇರಿ ನನ್ ತಲೆ ತಿಂತಾರೆ ಸಾರ್. ದೇವ್ರು ಒಬ್ನೇ, ಜಗಳ ಮಾತ್ರ ಎರಡು ಮನೇದು" ಎಂದು ಅವಳು ನನ್ನೆದುರು ಗೊಣಗುತ್ತಿದ್ದಳು.

ಜಗಳಕ್ಕೆ ಕಾರಣ ಏನು? ಭಟ್ಟರನ್ನು ಕೇಳಿದರೆ, ಅವರು ನಂದಾದೀಪವನ್ನು ತಮ್ಮನ್ನು ಕೇಳದೆ ಎಡದಿಂದ ಬಲಕ್ಕಿಟ್ಟರು ಎನ್ನುವರು. ಜನ್ನಾಪುರದವರನ್ನು ಕೇಳಿದರೆ, ತಮ್ಮ ಮಗಳ ಮದುವೆಗೆ ಇವರು ಊಟದ ಹೊತ್ತಿಗೆ ಬಂದು ಧಾರೆಗೆ ಬರಲಿಲ್ಲ ಎನ್ನುವರು. ಸಾಕಮ್ಮನ ಪ್ರಕಾರ ಎಲ್ಲ ಶುರುವಾದದ್ದು ಒಂದು ಚೌತಿಯ ದಿನ, ಪಂಚಕಜ್ಜಾಯದ ಪಾತ್ರೆಯಿಂದ. ಪರೀಕ್ಷೆಯಲ್ಲಿ ಶೀತಲ ಸಮರಕ್ಕೆ ಕಾರಣಗಳೇನು ಎಂದು ನಾಲ್ಕು ಅಂಕಕ್ಕೆ ಕೇಳುವ ನನಗೆ, ಎರಡು ಬೀದಿ ಆಚೆಯ ಈ ಜಗಳಕ್ಕೆ ಅರ್ಧ ಅಂಕದ ಉತ್ತರವೂ ಸಿಗಲಿಲ್ಲ.

ಪೈಪೋಟಿಗಂತೂ ಕೊರತೆ ಇರಲಿಲ್ಲ. ಜನ್ನಾಪುರದವರು ಗಣಪತಿಗೆ ಹಿತ್ತಾಳೆಯ ಪ್ರಭಾವಳಿ ಮಾಡಿಸಿದರು. ಮುಂದಿನ ತಿಂಗಳು ಭಟ್ಟರು ಬೆಳ್ಳಿಯ ಮುಖವಾಡ ತಂದರು. ಅವರು ಮೈಕು ಹಾಕಿಸಿದರೆ ಇವರು ಕರೆಂಟಿನಲ್ಲಿ ತಾನೇ ಬಾರಿಸಿಕೊಳ್ಳುವ ನಗಾರಿ ತಂದರು. ಇಬ್ಬರೂ ತಂತಮ್ಮ ಸಾಮಾನನ್ನು ಪಾಳಿ ಮುಗಿದೊಡನೆ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುವರು. ಹೀಗಾಗಿ ನಮ್ಮ ಗಣಪತಿ ಒಂದು ತಿಂಗಳು ಬೆಳ್ಳಿಯ ಮುಖದವನು, ಇನ್ನೊಂದು ತಿಂಗಳು ಕರಿಕಲ್ಲಿನ ಮುಖದವನು. ಗುಡಿಗೆ ಬರುವವರಿಗೆ ಇದರಿಂದ ನಷ್ಟವೇನೂ ಇರಲಿಲ್ಲ.

ನನ್ನ ಮಗಳು ಸಿಂಧು ರಷ್ಯಾದಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ. ಇಲ್ಲಿ ಸೀಟು ಸಿಗಲಿಲ್ಲ, ಅಲ್ಲಿಗೆ ಹೋದಳು. ಯುದ್ಧ ನಡೆಯುತ್ತಿದ್ದುದು ಅವಳ ಊರಿನಿಂದ ಬಹಳ ದೂರ ಎಂದು ನಕ್ಷೆ ತೆಗೆದು ಹೆಂಡತಿಗೆ ತೋರಿಸಿ ಸಮಾಧಾನ ಹೇಳುತ್ತಿದ್ದೆ. ಒಂದು ಸಂಜೆ ಟೀವಿಯಲ್ಲಿ ಅಣುಬಾಂಬಿನ ಮಾತು ಬಂತು. ಇವರು ಹಾಕಿದರೆ ಅವರೂ ಹಾಕುತ್ತಾರೆ ಎಂದು ಕೋಟು ಹಾಕಿದ ಒಬ್ಬ ಮನುಷ್ಯ ನಗುನಗುತ್ತಾ ವಿವರಿಸುತ್ತಿದ್ದ. ಅಣುಬಾಂಬಿಗೆ ದೂರವೇನು, ಹತ್ತಿರವೇನು? ನನ್ನ ನಕ್ಷೆ ಕೆಲಸಕ್ಕೆ ಬರಲಿಲ್ಲ. ಹೆದರಿಕೆಯಾಯಿತು. ದೇವರನ್ನು ಅಷ್ಟಾಗಿ ನಂಬದ ನಾನು ಮರುದಿನ ಬೆಳಿಗ್ಗೆ ಹಣ್ಣುಕಾಯಿ ಹಿಡಿದು ಗುಡಿಗೆ ಹೋದೆ. ಅದು ಭಟ್ಟರ ಪಾಳಿ.

"ಯಾರ ಹೆಸ್ರಲ್ಲಿ ಅರ್ಚನೆ?"

"ಮಗಳ ಹೆಸರಲ್ಲಿ."

"ಗೋತ್ರ?"

ನಮ್ಮ ಮನೆಯಲ್ಲಿ ಗೋತ್ರದ ಗೊಡವೆ ಇಲ್ಲ. ಗೊತ್ತಿಲ್ಲ ಎಂದೆ.

"ಗೊತ್ತಿಲ್ದೋರಿಗೆಲ್ಲ ಕಾಶ್ಯಪ. ಕಶ್ಯಪರು ಎಲ್ರಿಗೂ ಮೂಲ ಪುರುಷರು" ಎಂದು ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿ ತಿರುಗಿ ನೋಡಿದರು. "ಅಲ್ಲ ಮೇಷ್ಟ್ರೇ, ನಿಮ್ಮ ಮಗಳಿಗೆ ಅರ್ಚನೆ ಮಾಡಿ ಏನು ಬಂತು? ಆ ಮಗು ಯಾರ ತಂಟೆಗೆ ಹೋಗಿದೆ? ಮಾಡಿಸ್ಬೇಕಾದ್ದು ಅವರಿಬ್ಬರ ಹೆಸ್ರಲ್ಲಿ."

ಹಾಗೆಂದವರೇ ಅಮೆರಿಕಾ, ರಷ್ಯಾ ಎರಡು ದೇಶಗಳ ಅಧ್ಯಕ್ಷರ ಹೆಸರನ್ನೂ ಸಂಕಲ್ಪಕ್ಕೆ ಸೇರಿಸಿ, ಆಯುಷ್ಯ ಆರೋಗ್ಯ ಚಿತ್ತಶಾಂತಿ ಎಂದು ಗಣಪತಿಯ ಮೇಲೆ ಗರಿಕೆ ಏರಿಸಿಬಿಟ್ಟರು. ಆ ಹೆಸರುಗಳಿಗೆ ಸಂಸ್ಕೃತದ ಪ್ರತ್ಯಯ ಹಚ್ಚಿದಾಗ ಅವರು ತೀರ್ಥಹಳ್ಳಿ ಕಡೆಯ ಯಾರೋ ಜಮೀನ್ದಾರರ ಹಾಗೆ ಕೇಳಿಸಿದರು. ಕೊನೆಗೆ ಇಬ್ಬರಿಗೂ 'ವರ್ಮ' ಎಂದು ಬೇರೆ ಸೇರಿಸಿದ್ದರು. ಅದೇಕೆ ಎಂದರೆ, "ರಾಜ್ಯ ಆಳೋರು ಕ್ಷತ್ರಿಯರೇ ಅಲ್ವಾ?" ಎಂದರು.

ಮಂಗಳಾರತಿ ತಗೊಂಡ ಮೇಲೆ ನನಗೆ ಅನುಮಾನ ಬಂತು. "ಭಟ್ರೇ, ಇಬ್ಬರಿಗೂ ಕಾಶ್ಯಪ ಗೋತ್ರ ಅಂದ್ರಲ್ಲ. ಒಂದೇ ಗೋತ್ರ ಆದ್ರೆ ಅವರು ದಾಯಾದಿಗಳಾದ ಹಾಗಲ್ವಾ?"

ಭಟ್ಟರು ಆರತಿ ತಟ್ಟೆ ಹಿಡಿದುಕೊಂಡೇ ನಿಂತರು. ಇದು ಅವರಿಗೆ ಹೊಳೆದಿರಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದಕ್ಕೇ ಮತ್ತೆ ಹೊಡೆದಾಡ್ತಿರೋದು! ಹೊರಗಿನೋರು ಇಷ್ಟೊಂದು ಹಗೆ ಸಾಧಿಸ್ತಾರಾ?"

ಅಂದಿನಿಂದ ಅದು ದಿನದ ಪೂಜೆಯಲ್ಲಿ ಸೇರಿಹೋಯಿತು. ನನ್ನ ಮಗಳು, ಅವರಿಬ್ಬರು, ಮೂವರಿಗೂ ಸೇರಿ ಒಂದೇ ಅರ್ಚನೆ. ಸಿಂಧುಗೆ ಫೋನಿನಲ್ಲಿ ಹೇಳಿದೆ. "ಅಪ್ಪ, ಹಾಗೇ ನಮ್ಮ ಹಾಸ್ಟೆಲ್ ಹೀಟರ್‌ಗೂ ಒಂದು ಅರ್ಚನೆ ಮಾಡಿಸು, ಅದೂ ಕಾಶ್ಯಪ ಗೋತ್ರವೇ ಇರ್ಬೇಕು" ಎಂದು ನಕ್ಕಳು. ಅಲ್ಲಿ ಬಾಂಬಿನ ಮಾತನ್ನು ಯಾರೂ ಆಡುವುದಿಲ್ಲವಂತೆ, ಎಲ್ಲರೂ ಬಾಗಿಲ ಮುಂದಿನ ಹಿಮ ಎತ್ತುವುದರಲ್ಲೇ ಇದ್ದಾರಂತೆ. ಅವಳು ಧೈರ್ಯ ಹೇಳುತ್ತಿದ್ದಾಳೋ, ನಿಜವನ್ನೇ ಹೇಳುತ್ತಿದ್ದಾಳೋ ಗೊತ್ತಾಗಲಿಲ್ಲ.

ಮುಂದಿನ ತಿಂಗಳು ಜನ್ನಾಪುರದವರ ಪಾಳಿ ಬಂತು. ಅರ್ಚನೆ ಇನ್ನು ಅರ್ಧಕ್ಕೆ ನಿಂತಿತು ಎಂದುಕೊಂಡೆ. ಆದರೆ ಸಾಕಮ್ಮನಿಂದ ಅವರಿಗೆ ಎಲ್ಲವೂ ತಿಳಿದಿತ್ತು. ಅವರೂ ಸಂಕಲ್ಪ ಮಾಡಿದರು. ಒಂದೇ ವ್ಯತ್ಯಾಸ. ಭಟ್ಟರು ಅಮೆರಿಕಾದವರನ್ನು ಮೊದಲು ಹೇಳುತ್ತಿದ್ದರು, ಇವರು ರಷ್ಯಾದವರನ್ನು. "ನಿಮ್ಮ ಮಗು ಯಾರ ಮನೇಲಿದೆಯೋ ಆ ಯಜಮಾನನ ಹೆಸ್ರು ಮೊದಲು ಹೇಳ್ಬೇಕು. ಆ ಮನುಷ್ಯನಿಗೆ ಅಷ್ಟೂ ತಿಳಿಯಲ್ವಾ?" ಎಂದರು. ಭಟ್ಟರಿಗೆ ಈ ಸುದ್ದಿ ಮುಟ್ಟಿದಾಗ, "ಯಾರಿಗೆ ಸಿಟ್ಟು ಜಾಸ್ತಿಯೋ ಅವರನ್ನ ಮೊದಲು ಸಮಾಧಾನ ಮಾಡ್ಬೇಕು. ಆ ಮನುಷ್ಯನಿಗೆ ಎಂದು ಬುದ್ಧಿ ಬರ್ತದೋ" ಎಂದರು. ಹೀಗೆ ಹೊಸಮನೆಯಲ್ಲಿ ತಿಂಗಳಿಗೊಂದು ದೇಶ ಮುಂದೆ ಬರುತ್ತಿತ್ತು.

ಹೋದ ವರ್ಷ ಜನ್ನಾಪುರದವರಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿ ಸ್ಟೆಂಟ್ ಹಾಕಿದರು. ಕೆಲವು ತಿಂಗಳು ಗುಡಿಗೆ ಬರಕೂಡದು ಎಂದಾಯಿತು. ಗುಡಿ ಪೂರ್ತಿಯಾಗಿ ಭಟ್ಟರ ಕೈಗೆ ಬಂತು. ಅವರು ಖುಷಿಯಾಗಿರುತ್ತಾರೆಂದು ನಾನೂ ಎಲ್ಲರಂತೆ ತಿಳಿದೆ. ಆದರೆ ಆದದ್ದೇ ಬೇರೆ. ಬೆಳ್ಳಿಯ ಮುಖವಾಡ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ನಗಾರಿಯ ಸ್ವಿಚ್ಚು ಹಾಕುವುದನ್ನೇ ಮರೆತರು. ತೀರ್ಥಕ್ಕೆ ಬೊಗಸೆ ಒಡ್ಡಿದವರಿಗೆ ಬೊಗಸೆ ತುಂಬ ತೀರ್ಥ ಹಾಕಿ ಕಳಿಸಿದರು. ಯಾಕೆ ಭಟ್ರೇ, ಮುಖವಾಡ ಹಾಕಲಿಲ್ಲ ಎಂದು ಕೇಳಿದೆ.

"ಯಾರಿಗೆ ತೋರಿಸ್ಬೇಕು?" ಎಂದರು.

ಗಣಪತಿಗೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನನಗೆ ಸಂಕಟವಾಯಿತು.

ಒಂದು ಶನಿವಾರ ಸಂಜೆ ಅವರಾಗಿಯೇ, "ನಾಳೆ ನಿಮಗೆ ರಜ ಅಲ್ವಾ? ಹನ್ನೊಂದರ ಮೇಲೆ ಜನ್ನಾಪುರಕ್ಕೆ ಹೋಗ್ಬರೋಣ. ಒಬ್ನೇ ಹೋದ್ರೆ ಸರಿಯಾಗಲ್ಲ" ಎಂದರು. ಯಾರ ಮನೆಗೆ ಎಂದು ನಾನು ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ತೊಡೆಯ ಮೇಲೆ ಬಟ್ಟೆಯ ಚೀಲ, ಅದರಲ್ಲಿ ಬಾಳೆಹಣ್ಣು, ಗರಿಕೆ ಪ್ರಸಾದ. ಬಸ್ಸು ಊರು ದಾಟಿತು. ಆಮೇಲೆ ಇದ್ದಕ್ಕಿದ್ದಂತೆ ಶುರು ಮಾಡಿದರು.

"ಮೇಷ್ಟ್ರೇ, ನಮ್ಮಲ್ಲಿ ದಾಯಾದಿ ಸತ್ರೆ ಹತ್ತು ದಿನ ಸೂತಕ. ಮಾತಿರ್ಲಿ, ಬಿಡ್ಲಿ, ಕೋರ್ಟಲ್ಲಿ ಕೇಸಿರ್ಲಿ, ಸೂತಕ ತಪ್ಪಲ್ಲ. ದೇವ್ರನ್ನ ಮುಟ್ಟೋ ಹಾಗಿಲ್ಲ, ಕ್ಷೌರ ಇಲ್ಲ, ಹೊರಗೆ ಹೋಗಿ ಊಟ ಇಲ್ಲ. ಪ್ರಾಣಕ್ಕೆ ಪ್ರಾಣ ಕೊಡೋ ಸ್ನೇಹಿತ ಸತ್ರೆ ಸ್ನಾನ ಮಾಡಿದ್ರೆ ಮುಗೀತು. ಹಗೆಯೋನು ಸತ್ರೆ ಹತ್ತು ದಿನ. ಇದನ್ನ ಮಾಡಿದೋರು ಏನಂತ ಯೋಚಿಸಿ ಮಾಡಿರ್ಬಹುದು?"

ಕಂಡಕ್ಟರು ಬಂದ, ಇಬ್ಬರ ಟಿಕೆಟ್ಟಿನ ದುಡ್ಡು ಕೊಟ್ಟೆ.

"ಅವರಿಬ್ಬರಿಗೂ ಇದನ್ನ ಯಾರಾದ್ರೂ ಹೇಳ್ಬೇಕಿತ್ತು" ಎಂದರು. "ಗೆದ್ದೆ ಅಂತ ಕುಣಿಯೋಕಾಗಲ್ಲ ಮಾರಾಯ್ರೇ. ಗೆದ್ದೋನೇ ಮೂಲೇಲಿ ಕೂರ್ಬೇಕು."

ನಾನು ಪಾಠದಲ್ಲಿ ಹೇಳುವ ಪರಸ್ಪರ ಭಯದ ಸಿದ್ಧಾಂತವನ್ನೇ ಇವರು ಹೇಳುತ್ತಿದ್ದಾರೋ, ಅದಕ್ಕೆ ತದ್ವಿರುದ್ಧವಾದದ್ದನ್ನು ಹೇಳುತ್ತಿದ್ದಾರೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಜನ್ನಾಪುರದಲ್ಲಿ ಇಳಿದು ಬೀದಿಯ ತಿರುವಿನವರೆಗೆ ಬಂದೆವು. ಅಲ್ಲೊಂದು ಟೀ ಅಂಗಡಿ. ಅಲ್ಲಿಂದ ನೋಡಿದರೆ ನೀಲಿ ಗೇಟಿನ ಮನೆ ಕಾಣುತ್ತಿತ್ತು, ಅದೇ ಎಂದು ಕಣ್ಣಲ್ಲೇ ತೋರಿಸಿದರು. ನಾನು ಟೀ ತಗೊಂಡೆ. ಅವರು ಹೊರಗೆ ಏನೂ ಮುಟ್ಟುವವರಲ್ಲ, ಬೆಂಚಿನ ತುದಿಯಲ್ಲಿ ಚೀಲ ಹಿಡಿದು ಕೂತರು. ನನ್ನ ಟೀ ಮುಗಿಯಿತು. ಎದ್ದೇಳಿ ಎಂದೆ. ಎದ್ದರು, ನಾಲ್ಕು ಹೆಜ್ಜೆ ಹೋದರು, ಲೈಟು ಕಂಬದ ಹತ್ತಿರ ನಿಂತುಬಿಟ್ಟರು.

"ನಾನೇ ಮೊದಲು ಹೋದ್ರೆ ಸೋತ ಹಾಗಾಗ್ತದೆ."

ನನಗೆ ರೇಗಿತು. "ಅದು ಮನೇಲೇ ಗೊತ್ತಿರ್ಲಿಲ್ವಾ? ಮತ್ತೆ ಬಂದದ್ದು ಯಾಕೆ?"

"ಸೋಲೋಕೇ ಬಂದೆ" ಎಂದರು. "ಆದ್ರೆ ಈಗ ಸೋತ್ರೆ, ಹುಷಾರಿಲ್ಲ ಅಂತ ಕನಿಕರ ಪಟ್ಟು ಸೋತ ಅಂದ್ಕೋತಾನೆ. ಅದು ಅವನಿಗೆ ಅವಮಾನ. ಅವನು ಚೇತರಿಸ್ಕೊಂಡು ಪಾಳಿಗೆ ಬರ್ಲಿ. ಆವತ್ತು ಬೀಗದ ಕೈನ ನಾನೇ ಅವನ ಕೈಗೆ ಕೊಡ್ತೀನಿ. ಬುಟ್ಟಿಗೆ ಹಾಕಲ್ಲ. ನೀವೇ ಸಾಕ್ಷಿ."

ತಲೆ ಚಚ್ಚಿಕೊಳ್ಳುವ ಹಾಗಾಯಿತು. ವಾಪಸ್ಸು ಬರುವಾಗ ಬಾಳೆಹಣ್ಣನ್ನು ಬಸ್ಸಿನಲ್ಲೇ ಅಕ್ಕಪಕ್ಕದವರಿಗೆ ಹಂಚಿದರು. ಪ್ರಸಾದ ಚೀಲದಲ್ಲೇ ಉಳಿಯಿತು. ಆದರೂ ಅವರು ಗೆಲುವಾಗಿದ್ದರು. ಮರುದಿನ ಗಣಪತಿಗೆ ಬೆಳ್ಳಿಯ ಮುಖ ಬಂತು, ನಗಾರಿಯೂ ಬಾರಿಸಿತು. "ಬರೋ ತಿಂಗಳ ಒಂದನೇ ತಾರೀಕಿಗೆ ಬರ್ತಾನಂತೆ, ಸಾಕಮ್ಮ ಹೇಳಿದ್ಲು" ಎಂದು ನನಗೆ ಬೇಸರ ಬರುವಷ್ಟು ಸಲ ಹೇಳಿದರು. ಬೀಗದ ಕೈಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಬರಿಸಿದ್ದರು. ಕೊಡುವಾಗ ಏನು ಹೇಳಬೇಕೆಂಬುದು ಮಾತ್ರ ತಲೆನೋವಾಗಿತ್ತು. "ತಗೋ ಅಂತೀನಿ, ಅಷ್ಟೇ. ಇಲ್ಲ, ಹೇಗಿದ್ದೀಯ ಅನ್ಬೇಕೋ?" ಎಂದು ನನ್ನನ್ನೇ ಕೇಳಿದರು. ಎರಡನ್ನೂ ಹೇಳಿ ಎಂದೆ. "ಎರಡಾದ್ರೆ ಜಾಸ್ತಿಯಾಯ್ತು" ಎಂದರು.

ಒಂದನೇ ತಾರೀಕು ಬರಲು ಇನ್ನೂ ಎರಡು ದಿನವಿತ್ತು. ಬೆಳಿಗ್ಗೆ ಗುಡಿಯ ಬಾಗಿಲು ತೆಗೆದಿರಲಿಲ್ಲ. ಭಟ್ಟರು ಬಚ್ಚಲಲ್ಲಿ ಬಿದ್ದವರು ಏಳಲಿಲ್ಲವಂತೆ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಜನ್ನಾಪುರದವರಿಗೆ ಹತ್ತು ದಿನದ ಸೂತಕ. ಅವರೂ ಗುಡಿಯೊಳಗೆ ಕಾಲಿಡುವ ಹಾಗಿಲ್ಲ. ಬೇರೆ ಕಡೆಯಿಂದ ಒಬ್ಬ ಹುಡುಗ ಪುರೋಹಿತರು ಬಂದು ಬೆಳಿಗ್ಗೆ ದೀಪ ಹಚ್ಚಿ ಹೋಗುತ್ತಿದ್ದರು. ಅವರ ಸಂಕಲ್ಪದಲ್ಲಿ ನಮ್ಮ ಊರಿನ ಭಕ್ತಾದಿಗಳು ಮಾತ್ರ. ಆ ದಿನಗಳಲ್ಲಿ ಟೀವಿಯಲ್ಲಿ ಮತ್ತೆ ಅದೇ ಕೋಟಿನ ಮನುಷ್ಯ, ಅದೇ ಮಾತು. ನಾನು ರಾತ್ರಿಯೂಟಕ್ಕೆ ಕೂತಾಗ ಟೀವಿ ಆರಿಸುತ್ತಿದ್ದೆ. ಅರ್ಚನೆಯಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದ ನನಗೆ, ಅರ್ಚನೆ ನಿಂತದ್ದರಿಂದ ಭಯವಾಗುತ್ತಿತ್ತು. ಇದನ್ನು ನಾನು ಯಾವ ಕ್ಲಾಸಿನಲ್ಲಿ ಹೇಗೆ ವಿವರಿಸಲಿ?

ಹತ್ತನೆಯ ದಿನ ತುಂಗೆಯ ದಡದಲ್ಲಿ ಧರ್ಮೋದಕ. ಸತ್ತವರ ಗೋತ್ರ, ಹೆಸರು ಹೇಳಿ ದಾಯಾದಿಗಳು ಎಳ್ಳುನೀರು ಬಿಡುವ ದಿನ. ಜನ್ನಾಪುರದವರು ಬಂದಿದ್ದರು. ಗಡ್ಡ ಬೆಳೆದಿತ್ತು, ಶರೀರ ಇಳಿದುಹೋಗಿತ್ತು. ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. "ಮಗಳು ಹುಷಾರಾಗಿದಾಳಾ?" ಎಂದು ಕೇಳಿದರು. ಹುಷಾರಾಗಿದ್ದಾಳೆ ಎಂದೆ. ಭಟ್ಟರು ಅವರ ಮನೆಯ ಬೀದಿಯವರೆಗೆ ಬಂದು ಹೋದದ್ದನ್ನು ಹೇಳಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಹೇಳಿಬಿಟ್ಟೆ.

"ಗೊತ್ತು" ಎಂದರು. "ಕಿಟಕಿಯಿಂದ ನೋಡ್ದೆ. ನೀವು ಟೀ ಕುಡಿದಿದ್ದು, ಅವನು ಚೀಲ ಹಿಡ್ಕೊಂಡು ಕೂತಿದ್ದು, ಕಂಬದ ಹತ್ರ ನಿಂತಿದ್ದು, ಎಲ್ಲಾ ನೋಡ್ದೆ. ಇವಳಿಗೆ ಕಾಫಿಗಿಡು ಅಂತ ಹೇಳ್ದೆ. ಅಂಗಿ ಹಾಕ್ಕೊಂಡು ಕೂತೆ."

ನನಗೆ ತಡೆಯಲಾಗಲಿಲ್ಲ. "ಒಂದು ಸಲ ಕೂಗಿದ್ರೆ ಬಂದುಬಿಡ್ತಿದ್ರಲ್ಲ ಸ್ವಾಮಿ! ಕೂಗಬಾರದಿತ್ತಾ?"

"ಕೂಗ್ತಿದ್ದೆ. ಅಷ್ಟು ದೂರ ಬಂದೋನು ಗೇಟಿನ ತನಕ ಬರ್ತಾನೆ, ಆಗ ಕೂಗೋಣ ಅಂತಿದ್ದೆ" ಎಂದರು. "ಕೂಗೋಕೆ ಹೆಸರೂ ಬಾಯಿಗೆ ಬರ್ಲಿಲ್ಲ ಮೇಷ್ಟ್ರೇ. ಎಷ್ಟು ವರ್ಷ ಆಗಿತ್ತು ಹೇಳಿ."

ಪುರೋಹಿತರು ಕರೆದರು. ಅವರು ಮೆಲ್ಲನೆ ನೀರಿಗಿಳಿದರು, ಮಗ ರಟ್ಟೆ ಹಿಡಿದುಕೊಂಡ. ಕೈಯಲ್ಲಿ ದರ್ಭೆ, ಎಳ್ಳು. ಹೆಸರು ಹೇಳಿ ಎಂದರು ಪುರೋಹಿತರು. ಅವರು ತುಟಿ ಅಲ್ಲಾಡಿಸಿದರು, ಸ್ವರ ಹೊರಡಲಿಲ್ಲ. ಪುರೋಹಿತರು ಮತ್ತೆ ಹೇಳಿದರು. ಆಗ ಹೇಳಿದರು. ನಾನು ಅಷ್ಟು ವರ್ಷ ಭಟ್ರೇ ಎಂದೇ ಕರೆದವನು, ಅವರ ಹೆಸರನ್ನು ಮೊದಲ ಸಲ ಕೇಳಿದ್ದು ಆಗಲೇ. ಮಂತ್ರದ ಜೊತೆ ಮೂರು ಸಲ ಹೇಳಿ ಮೂರು ಸಲ ನೀರು ಬಿಟ್ಟರು. ಆಯಿತು, ಮೇಲೆ ಬನ್ನಿ ಎಂದು ಪುರೋಹಿತರು ಮುಂದಿನವರನ್ನು ಕರೆದರು.

ಅವರು ಮೇಲೆ ಬರಲಿಲ್ಲ. ಮಗನ ಕೈ ಬಿಡಿಸಿಕೊಂಡು ಹೊಳೆಯ ಕಡೆ ತಿರುಗಿ ನಿಂತರು. ಮಂತ್ರವಿಲ್ಲದೆ, ಬರೀ ಆ ಹೆಸರನ್ನು, ಬೀದಿಯ ಆ ತುದಿಗೆ ಕೇಳಿಸಬೇಕು ಎನ್ನುವಷ್ಟು ಗಟ್ಟಿಯಾಗಿ ಕೂಗಿದರು.